ಮಗ್ರಿಬ್ ಆದ ಮೇಲಿನ 20 ನಿಮಿಷ

ಮಕ್ಕಳು ಮದರಸದಲ್ಲಿ ಕುರ್‌ಆನ್ ಓದಲು ಕಲಿಯುತ್ತಾರೆ. ಅರ್ಥ ಮಾತ್ರ ಈಗೀಗ ರೀಲ್ಸ್‌ನಿಂದ ಬರುತ್ತಿದೆ, ಅದರಲ್ಲಿ ತೀವ್ರವಾದಿಗಳು ತಿರುಚಿದ್ದೂ ಇರುತ್ತದೆ. ಆ ಜಾಗ ಮನೆಯವರದ್ದು. ಮಂಗಳೂರಿನ ಮನೆಗಳಲ್ಲಿ ಮಗ್ರಿಬ್ (ಸೂರ್ಯಾಸ್ತದ) ನಮಾಝ್ ಆದ ಮೇಲೆ ವಾರಕ್ಕೆ 3 ದಿನ, ಅರ್ಥ ಹೇಳಿಕೊಡಲು 20 ನಿಮಿಷ ಸಾಕು. ದಿನಾ ಕೂರಿಸಿದರೆ ಎರಡೇ ವಾರಕ್ಕೆ ಅದೊಂದು ಟ್ಯೂಷನ್!

ಕುರ್‌ಆನಿನ ಸೂರಾ (ಅಧ್ಯಾಯ) ಹುಜುರಾತ್‌ನಿಂದ ಶುರು ಮಾಡಿ. ಒಟ್ಟು 18 ಆಯತ್ (ವಚನ). ಸಲಕ್ಕೆ ಒಂದೇ, ಅರ್ಥ ಬ್ಯಾರಿಯಲ್ಲೋ ಕನ್ನಡದಲ್ಲೋ. 6ನೆಯದು ಸುದ್ದಿ ಬಂದರೆ ಪರಿಶೀಲಿಸಿ ಎನ್ನುತ್ತದೆ. ಅವತ್ತು ಫ್ಯಾಮಿಲಿ ಗ್ರೂಪಿಗೆ ಬಂದ ಒಂದು ಫಾರ್ವರ್ಡ್ ತೆಗೆದು, ಯಾವ ಊರು, ಯಾವ ದಿನ, ಯಾರು ಹೇಳಿದ್ದು ಎಂದು ಮಗುವಿನಿಂದಲೇ ಹುಡುಕಿಸಿ. 11ರಲ್ಲಿ ಗೇಲಿ ಮಾಡಬೇಡಿ ಎಂದಿದೆ. 13ರ ಪ್ರಕಾರ ಜನಾಂಗಗಳಿರುವುದು ಪರಸ್ಪರ ಅರಿಯಲಿಕ್ಕೆ. ಉದಾಹರಣೆಗೆ ದೂರ ಹೋಗಬೇಕಿಲ್ಲ, ಮೂಲ್ಕಿಯ ಬಪ್ಪನಾಡು ದೇವಸ್ಥಾನದ ಐತಿಹ್ಯದಲ್ಲೇ ಅದನ್ನು ಕಟ್ಟಿಸಿದ ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿ ಇದ್ದಾನೆ.

ಹದಿಹರೆಯದವರು ವಿಡಿಯೋ ನೋಡಿ ಸೂರಾ ತೌಬಾದ 5ನೇ ಆಯತ್ (ಯುದ್ಧದ ಸಂದರ್ಭದ, ಬಹುದೇವಾರಾಧಕರನ್ನು ಕೊಲ್ಲಿ ಎನ್ನುವ ವಚನ) ಹಿಡಿದುಕೊಂಡು ಬಂದಾರು. ಬೈಯಬೇಡಿ. ಹಿಂದಿನ 4, ಮುಂದಿನ 6 ಸೇರಿಸಿ ಓದಿಸಿ. 4ರಲ್ಲಿ ಒಪ್ಪಂದ ಮುರಿಯದವರ ಜೊತೆ ಒಪ್ಪಂದ ಪಾಲಿಸಿ ಎಂದಿದೆ. 6ರಲ್ಲಿ ಆಶ್ರಯ ಕೇಳಿ ಬಂದ ಬಹುದೇವಾರಾಧಕನನ್ನೂ ಸುರಕ್ಷಿತ ಜಾಗಕ್ಕೆ ತಲುಪಿಸಿ ಎಂದಿದೆ. ವಿಡಿಯೋಗೆ ಕತ್ತರಿ ಬೀಳುವುದು ಇಂಥಲ್ಲೇ. ಉತ್ತರ ಗೊತ್ತಿಲ್ಲದಿದ್ದರೆ "ಉಸ್ತಾದರ ಹತ್ತಿರ ಕೇಳುವ" ಎನ್ನಿ, ಆಮೇಲೆ ನಿಜಕ್ಕೂ ಕೇಳಿ.

ಮೊಬೈಲ್ ಕಸಿದುಕೊಂಡರೆ ಕೆಡುತ್ತದೆ, ಗುಟ್ಟಾಗಿ ಇನ್ನೊಂದು ಅಕೌಂಟ್ ಹುಟ್ಟುತ್ತದೆ. ಮಗು ಹಳೆಯ ಗೆಳೆಯರನ್ನು ದೂರ ಮಾಡುವುದು, ಉಮ್ಮನ (ತಾಯಿಯ) ನಮಾಝನ್ನೂ ತಪ್ಪೆನ್ನುವುದು ಕಂಡರೆ ಕೂತು ಮಾತಾಡಿ. "ಮನೆಯಲ್ಲಿ ಹೇಳಬೇಡ" ಎನ್ನುವ ಆನ್‌ಲೈನ್ ಗುರು ಸಿಕ್ಕಿದ್ದಾನೆಂದು ಗೊತ್ತಾದರೆ ಅವತ್ತೇ.