ಹಳೇ ಬಾಕಿ ಶುರು ಮಾಡಿದ ಮೇಲೆ ನನ್ನ ಗ್ರೇಡಿಂಗ್ ಸರಿಯಾಯ್ತು

ಕಳೆದ ಡಿಸೆಂಬರ್ ಗ್ರೇಡಿಂಗ್‌ಗೆ, ಅಂದರೆ ಬೆಲ್ಟ್ ಪರೀಕ್ಷೆಗೆ, ನನ್ನ ಕರಾಟೆ ಕ್ಲಾಸಿನ 38 ಮಕ್ಕಳು ನಿಂತರು. 11 ಮಂದಿಗೆ ಬೆಲ್ಟ್ ಕೊಡಲಿಲ್ಲ. ಆದರೂ ಒಬ್ಬರೂ ಕ್ಲಾಸ್ ಬಿಡಲಿಲ್ಲ. ಇದು ಎಷ್ಟು ಕಷ್ಟದ ಮಾತು ಅಂತ ಕ್ಲಾಸ್ ನಡೆಸುವವರಿಗೆ ಗೊತ್ತು. ನಾಲ್ಕು ವರ್ಷದ ಹಿಂದೆ ಇದೇ ರೀತಿ ಫೇಲ್ ಮಾಡಿದಾಗ 62 ಮಕ್ಕಳಲ್ಲಿ ಮುಂದಿನ ತಿಂಗಳಿಗೆ ಉಳಿದದ್ದು 41ರ ಹತ್ತಿರ. ಆಗ ನಮ್ಮ ಸೀನಿಯರ್ ಒಬ್ಬರು ಫೋನ್ ಮಾಡಿ, "ಏನಪ್ಪಾ, ಅಂಗಡಿ ಮುಚ್ಚೋ ಯೋಚನೆನಾ?" ಅಂದಿದ್ದರು. ಈ ಸಲ ಅವರೇ ಫೋನ್ ಮಾಡಿ, "ಅದು ಹೆಂಗೆ ಮಾಡ್ದೆ ಹೇಳು" ಅಂದರು. ಫೋನ್‌ನಲ್ಲಿ ಹೇಳಿ ಮುಗಿಯುವುದಲ್ಲ, ಬರೆದೇ ಬಿಡೋಣ ಅನ್ನಿಸಿತು.

ನಾನು ಕಲಿತದ್ದು ಕರಾಟೆಯ ಶೋಟೋಕಾನ್ ಶೈಲಿ. ಸಾಗರದಲ್ಲಿ ಒಂದು ಛತ್ರದ ಹಿಂದಿನ ಹಾಲ್‌ನಲ್ಲಿ ಕ್ಲಾಸ್. ಮದುವೆ ಇದ್ದ ದಿನ ರಜೆ. ಮಳೆಗಾಲದಲ್ಲಿ ಅರ್ಧ ಮಕ್ಕಳ ಡ್ರೆಸ್ ಒಣಗಿರುವುದಿಲ್ಲ, ಟೀ ಶರ್ಟ್‌ನಲ್ಲೇ ಬರುತ್ತಾರೆ. ಆ ಟೀ ಶರ್ಟ್ ವಿಷಯ ಮುಂದೆ ಬರುತ್ತದೆ.

ಗ್ರೇಡಿಂಗ್ ಬಗ್ಗೆ ನನ್ನ ತಲೆ ಕೆಟ್ಟದ್ದು ಕ್ಲಾಸಿನಲ್ಲಿ ಅಲ್ಲ, ಒಂದು ಸರ್ಕಾರಿ ಹೈಸ್ಕೂಲಿನಲ್ಲಿ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಕೆಳಗೆ ಹುಡುಗಿಯರಿಗೆ 3 ತಿಂಗಳ ಆತ್ಮರಕ್ಷಣೆ ತರಬೇತಿ ಇರುತ್ತದಲ್ಲ, ಅದನ್ನು ಮಾಡಿದ್ದೆ. ಕೊನೆಯ ದಿನದ ಪ್ರದರ್ಶನ ಎಷ್ಟು ಚಂದ ಆಯಿತೆಂದರೆ ಹೆಡ್ ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ಹೊಡೆದರು. ಆರು ತಿಂಗಳು ಬಿಟ್ಟು ಸ್ಪೋರ್ಟ್ಸ್ ಡೇಗೆ ಅದೇ ಶಾಲೆಗೆ ಹೋದೆ. ಪ್ರದರ್ಶನದಲ್ಲಿ ಮುಂದಿನ ಸಾಲಿನಲ್ಲಿ ನಿಂತಿದ್ದ ಇಬ್ಬರು ಸಿಕ್ಕರು. "ನೀನು ಅವಳ ಕೈ ಹಿಡ್ಕೋ, ನೀನು ಬಿಡಿಸ್ಕೋ" ಅಂದೆ. ಹುಡುಗಿ ನನ್ನ ಮುಖ ನೋಡಿ ಕೇಳಿದಳು: "ಸರ್, ಬಲಗೈನಾ, ಎಡಗೈನಾ?"

ತಪ್ಪು ಅವಳದ್ದಲ್ಲ. ನಾನು ಕಲಿಸಿದ್ದೇ ಹಾಗೆ, ಬಲಗೈ ಹಿಡಿದರೆ ಒಂದನೇ ನಂಬರ್, ಎಡಗೈ ಹಿಡಿದರೆ ಎರಡನೇ ನಂಬರ್. ದಾರಿಯಲ್ಲಿ ಅಡ್ಡ ಬರುವವನು ನಂಬರ್ ಹೇಳಿ ಹಿಡಿಯುತ್ತಾನಾ? ಅವತ್ತು ಸಂಜೆ ನನ್ನದೇ ಗ್ರೀನ್ ಬೆಲ್ಟ್ ಮಕ್ಕಳಿಗೆ ಯೆಲ್ಲೋ ಬೆಲ್ಟ್‌ನಲ್ಲಿ ಕಲಿಸಿದ್ದನ್ನು ಕೇಳಿದೆ. ಹೆಯಾನ್ ಶೋದಾನ್ ಅನ್ನುವ ಕಟಾ (ಒಬ್ಬರೇ ಮಾಡುವ ಹೊಡೆತ, ತಡೆಗಳ ಸರಣಿ) ಅಚ್ಚುಕಟ್ಟಾಗಿ ಮಾಡಿದರು. ಹಿಂದಿನಿಂದ ತಬ್ಬಿ ಹಿಡಿದರೆ ಬಿಡಿಸಿಕೊಳ್ಳುವುದು 14 ಮಂದಿಯಲ್ಲಿ ಮೂವರಿಗೋ ನಾಲ್ವರಿಗೋ ಬಂತು. ಅವರ ಸೊಂಟದಲ್ಲಿದ್ದ ಬೆಲ್ಟ್ ನಾನೇ ಕಟ್ಟಿದ್ದು.

ಮೊದಲು ಮಾಡಿದ ಮೂರ್ಖತನ ಎಂದರೆ ಸುಮ್ನೆ ಬಿಗಿ ಮಾಡಿದ್ದು. ಬಂದರೆ ಪಾಸ್, ಇಲ್ಲದಿದ್ದರೆ ಫೇಲ್. ಆಗ ಗ್ರೇಡಿಂಗ್ ಫೀಸು 800 ರೂಪಾಯಿ. ಸಂಸ್ಥೆಗೆ 350 ಹೋಗುತ್ತಿತ್ತು, ಬೆಲ್ಟ್‌ಗೆ 90, ಸರ್ಟಿಫಿಕೇಟ್‌ಗೆ 40, ಉಳಿದದ್ದು ನನಗೆ. "ದುಡ್ಡು ಕಟ್ಟಿದ್ದೀವಲ್ಲ ಸರ್, ಬೆಲ್ಟ್ ಯಾಕೆ ಕೊಡಲಿಲ್ಲ?" ಅಂತ ಅಪ್ಪಂದಿರು ಬಂದರು. ಅವರದ್ದೂ ಪೂರ್ತಿ ತಪ್ಪಲ್ಲ. ಅಷ್ಟು ವರ್ಷ ನಾವೇ ಬೆಲ್ಟ್ ಮಾರಿ ಅಭ್ಯಾಸ ಮಾಡಿಸಿದ್ದೆವು. ತಿಂಗಳ ಫೀಸೂ ಸೇರಿ ಆ ವರ್ಷ ಒಂದು ಲಕ್ಷಕ್ಕಿಂತ ಜಾಸ್ತಿ ಕಳೆದುಕೊಂಡೆ. ಛತ್ರದ ಬಾಡಿಗೆಗೆ ಹೆಂಡತಿಯ ಹತ್ತಿರ ಎರಡು ಸಲ ಕೈಚಾಚಿದೆ.

ಆಮೇಲೆ ಮಾರ್ಕ್ಸ್ ಪದ್ಧತಿ ಮಾಡಿದೆ. ನೂರಕ್ಕೆ ಇಷ್ಟು, ಸ್ಟಾಪ್‌ವಾಚ್ ಬೇರೆ. ಮಕ್ಕಳು ನನಗಿಂತ ಬುದ್ಧಿವಂತರು. ಜೋಡಿಯಲ್ಲಿ ಒಳ ಒಪ್ಪಂದ ಮಾಡಿಕೊಂಡರು: ನೀನು ಸಡಿಲ ಹಿಡಿ, ಆಮೇಲೆ ನಾನೂ ಸಡಿಲ ಹಿಡಿಯುತ್ತೇನೆ. ಎಲ್ಲರಿಗೂ 80ರ ಮೇಲೆ!

ಮೂರನೆಯದು ಹೇಳಲು ನಾಚಿಕೆ. ಹೇಳದೆ ಇದ್ದಕ್ಕಿದ್ದಂತೆ ಪರೀಕ್ಷೆ ಮಾಡುವುದು ಅಂತ, ಚಪ್ಪಲಿ ಹಾಕಿಕೊಳ್ಳುತ್ತಿದ್ದ ಹುಡುಗಿಯ ಜಡೆ ಹಿಡಿಯಲು ಸೀನಿಯರ್ ಹುಡುಗಿಗೆ ಕಣ್ಸನ್ನೆ ಮಾಡಿದೆ. ಮಗು ಬೆಚ್ಚಿಬಿದ್ದು ಅತ್ತಿತು, ಎರಡು ವಾರ ಬರಲಿಲ್ಲ. ಅವರ ಅಮ್ಮ ಬೈದದ್ದು ಸರಿಯೇ ಇತ್ತು. ಮಾರನೇ ದಿನವೇ ನಿಯಮ ಮಾಡಿದೆ. ಈ ತಿಂಗಳಲ್ಲಿ ಎಂದಾದರೂ ಪರೀಕ್ಷೆ ಬರುತ್ತದೆ ಅಂತ ಮೊದಲೇ ಹೇಳಬೇಕು. ಮಗು, ಮನೆಯವರು ಇಬ್ಬರೂ ಒಪ್ಪಬೇಕು. ಮಗು ಜೋರಾಗಿ "ಬೇಡ, ಬಿಡು" ಅಂದರೆ ಅಲ್ಲಿಗೇ ನಿಲ್ಲಿಸಬೇಕು. ಹಾಗೆ ಕೂಗಿದ್ದಕ್ಕೂ ಮಾರ್ಕ್ಸ್ ಇದೆ. ನನ್ನ ಪ್ರಕಾರ ನಮ್ಮ ಇಡೀ ಸಿಲಬಸ್‌ನಲ್ಲಿ ಅದೇ ಮೊದಲ ಪಾಠ ಆಗಬೇಕಿತ್ತು.

ಕೊನೆಗೆ ಕೈಹಿಡಿದದ್ದು ಬೆಲ್ಟ್ ತುದಿಗೆ ಹಾಕುವ ಸಣ್ಣ ಪಟ್ಟಿ (ಸ್ಟ್ರೈಪ್). ಬ್ರೆಜಿಲಿಯನ್ ಜಿಯು-ಜಿತ್ಸುವಿನವರು ಒಂದು ಬೆಲ್ಟ್‌ನಿಂದ ಇನ್ನೊಂದಕ್ಕೆ ಹೋಗುವ ಮೊದಲು ನಾಲ್ಕು ಪಟ್ಟಿ ಹಾಕುವುದು ನಿಮಗೆಲ್ಲ ಗೊತ್ತು. ನಾನು ಮೂರಕ್ಕೆ ಇಳಿಸಿದೆ. ಮೊದಲ ಪಟ್ಟಿ ಮಾಮೂಲಿ ಕಿಹೊನ್ (ಮೂಲ ಹೊಡೆತ, ತಡೆಗಳು), ಕಟಾಗೆ, ಇದು ಹೆಚ್ಚುಕಡಿಮೆ ಎಲ್ಲರಿಗೂ ಸಿಗುತ್ತದೆ, ಮನೆಯಲ್ಲೂ ಖುಷಿ. ಎರಡನೆಯದು ಜೋಡಿಯಲ್ಲಿ ಮಾಡುವುದಕ್ಕೆ, ಆದರೆ ಮನೆ ಬಟ್ಟೆ, ಹೆಗಲಲ್ಲಿ ಪುಸ್ತಕ ತುಂಬಿದ ಸ್ಕೂಲ್ ಬ್ಯಾಗು, ಕಾಲಲ್ಲಿ ಚಪ್ಪಲಿ. ಜೋಡಿ ಯಾರು ಅಂತ ನಾನು ಹೇಳುತ್ತೇನೆ. ಮಳೆಗಾಲದ ಟೀ ಶರ್ಟ್‌ನಿಂದ ಹೊಳೆದದ್ದು ಇದು. ಡ್ರೆಸ್ ಇಲ್ಲದ ದಿನ ಎಷ್ಟೋ ಮಕ್ಕಳಿಗೆ ಹಿಡಿತವೇ ಸಿಗುತ್ತಿರಲಿಲ್ಲ.

ಮೂರನೆಯದೇ ಹಳೇ ಬಾಕಿ. ಈ ಹೆಸರು ಮಕ್ಕಳು ಇಟ್ಟದ್ದು. ಹಿಂದಿನ ಬೆಲ್ಟ್‌ನಲ್ಲಿ ಕಲಿತದ್ದನ್ನು ಸುಮಾರು 90 ದಿನ ಮುಟ್ಟುವುದಿಲ್ಲ. ಕ್ಲಾಸಿನಲ್ಲಿ ಅದರ ಮಾತೇ ಇಲ್ಲ. ಆಮೇಲೆ ಒಂದು ದಿನ ಕೇಳುತ್ತೇನೆ. ವಾರ್ಮ್ ಅಪ್‌ಗೂ ಮೊದಲು, ಮೈ ತಣ್ಣಗಿರುವಾಗ. ಯಾವ ಕೈ ಅಂತ ಹೇಳುವುದಿಲ್ಲ. ನಾನು ಕಲಿಸಿದ ರೀತಿಯಲ್ಲೇ ಬಿಡಿಸಿಕೊಳ್ಳಬೇಕು ಅಂತಲೂ ಇಲ್ಲ, ಬಿಡಿಸಿಕೊಂಡು ನಾಲ್ಕು ಹೆಜ್ಜೆ ದೂರ ಓಡಿದರೆ ಸಾಕು. ಉಳಿದದ್ದಕ್ಕೆ ಮಾತ್ರ ಪಟ್ಟಿ, ಕಲಿತದ್ದಕ್ಕಲ್ಲ. ಯಾವ ದಿನ ಕೇಳುತ್ತೇನೆ, ಯಾರನ್ನು ಜೋಡಿ ಹಾಕುತ್ತೇನೆ ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಮಕ್ಕಳೂ ಇದನ್ನು ಓದುತ್ತಾರೆ.

ಮೂರೂ ಪಟ್ಟಿ ಬಂದ ಮೇಲೆ ಗ್ರೇಡಿಂಗ್ ಫೀಸು. ಡಿಸೆಂಬರ್‌ನಲ್ಲಿ ನಿಂತಿದ್ದ 38 ಮಂದಿಯಲ್ಲಿ ಬೆಲ್ಟ್ ಸಿಗದ ಆ 11 ಮಂದಿ ಹಳೇ ಬಾಕಿಯಲ್ಲಿ ಸಿಕ್ಕಿಕೊಂಡವರು. ಗ್ರೇಡಿಂಗ್ ಫೀಸು ಅಂತ ಅವರು ಒಂದು ರೂಪಾಯಿಯೂ ಕಟ್ಟಿರಲಿಲ್ಲ, ಮನೆಗೆ ಒಂದೋ ಎರಡೋ ಪಟ್ಟಿ ತೆಗೆದುಕೊಂಡು ಹೋದರು. ಫೇಲ್ ಅನ್ನುವ ಮಾತೇ ಹುಟ್ಟಲಿಲ್ಲ. "ಸರ್, ಬಾಕಿ ಯಾವಾಗ ತೀರಿಸ್ಲಿ?" ಅಂತಷ್ಟೇ ಕೇಳಿದರು.

ಪಟ್ಟಿಯನ್ನು ಮೊದಲು ಬಿಟ್ಟಿ ಕೊಟ್ಟೆ. ಯಾರಿಗೂ ಬೆಲೆ ಇರಲಿಲ್ಲ. 30 ರೂಪಾಯಿ ಇಟ್ಟ ಮೇಲೆ ಸೊಂಟ ಮುಂದೆ ಮಾಡಿ ಓಡಾಡತೊಡಗಿದರು. ವೈರಿಂಗ್ ಟೇಪ್ ಅಂಟಿಸಲು ಹೋಗಬೇಡಿ. ನಮ್ಮ ಮಳೆಗೆ ಜುಲೈಗೇ ಅಂಟು ಬಿಟ್ಟು ಜಾರಿಹೋಯಿತು. ಈಗ ಟೈಲರಿಂಗ್ ಮಾಡುವ ಒಬ್ಬ ಅಮ್ಮ ರಿಬ್ಬನ್ ಹೊಲಿದು ಕೊಡುತ್ತಾರೆ, ಒಂದಕ್ಕೆ 5 ರೂಪಾಯಿ.

ನಡುವೆ ಬೇರೆ ಹುಚ್ಚಾಟಗಳೂ ಆದವು. ಚಾಕು ತಪ್ಪಿಸುವುದು ನಿಜಕ್ಕೂ ಆಗುತ್ತದಾ ಅಂತ ನೋಡಲು ಮರದ ಸ್ಕೇಲಿನ ಅಂಚಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಸವರಿ ಬ್ರೌನ್ ಬೆಲ್ಟ್ ಹುಡುಗರಿಗೆ ಕೊಟ್ಟೆ. ಎರಡು ನಿಮಿಷಕ್ಕೆ ಎಲ್ಲರ ಬಿಳಿ ಡ್ರೆಸ್ಸೂ ಹೋಳಿ ಆಡಿದ ಹಾಗೆ. ನನ್ನದೂ ಸೇರಿ. ಅವತ್ತಿನಿಂದ ಚಾಕುವಿನ ಪಾಠದಲ್ಲಿ ಓಡುವುದಕ್ಕೆ ಮಾತ್ರ ಪಟ್ಟಿ. ಡ್ರೆಸ್ ಒಗೆಯಲು ಹೋದ ಅಮ್ಮಂದಿರು ಏನಂದರು ಅಂತ ಕೇಳಬೇಡಿ.

ಆ "ಬೇಡ, ಬಿಡು" ಕೂಗನ್ನು ಅಳೆಯಲು ಫೋನ್‌ನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿದೆ. ಫೋನ್ ಒಂದಡಿ ಆಚೀಚೆ ಆದರೆ ಅಂಕಿ ಬೇರೆ, ಫ್ಯಾನ್ ಹಾಕಿದರೆ ಇನ್ನೂ ಬೇರೆ. ಕೊನೆಗೆ ರಸ್ತೆ ಆಚೆಯ ಬೇಕರಿಯವರಿಗೆ ಹೇಳಿದೆ: ಕೇಳಿಸಿದರೆ ಕೈ ಎತ್ತಿ. ಇದಕ್ಕಿಂತ ಒಳ್ಳೆಯ ಮೀಟರ್ ನಾನು ಕಂಡಿಲ್ಲ. ಒಂದು ತೊಂದರೆ, ಮೊದಲ ವಾರ ಜಗಳ ಅಂತ ಜನ ಸೇರಿದರು.

"ಪರಂಪರೆ ಕೆಡಿಸ್ತಿದ್ದೀಯ" ಅಂದವರೂ ಇದ್ದಾರೆ. ಯಾವ ಪರಂಪರೆ? ಡಾನ್ (ಬ್ಲ್ಯಾಕ್ ಬೆಲ್ಟ್ ದರ್ಜೆ) ಪದ್ಧತಿ ಶುರು ಮಾಡಿದ್ದು 1883ರಲ್ಲಿ, ಜೂಡೋ ಹುಟ್ಟುಹಾಕಿದ ಜಿಗೊರೊ ಕಾನೊ. ನಮ್ಮ ಶೋಟೋಕಾನ್‌ನ ಮೂಲಪುರುಷ ಫುನಾಕೋಷಿ ಕರಾಟೆಯಲ್ಲಿ ಮೊದಲ ಡಾನ್ ಕೊಟ್ಟದ್ದು 1924ರಲ್ಲಿ. ನಾವು ಪ್ರಾಣ ಬಿಡುವ ಈ ಬಣ್ಣದ ಬೆಲ್ಟ್‌ಗಳು ಬೆಳೆದದ್ದು ಯೂರೋಪಿನಲ್ಲಿ, ಪ್ಯಾರಿಸ್‌ನಲ್ಲಿ ಜೂಡೋ ಕಲಿಸಿದ ಕವಾಯಿಷಿಯವರಂಥವರ ಕೈಯಲ್ಲಿ. ಬೇರೆ ದೇಶದ ಮಕ್ಕಳಿಗೆ ಏನು ಬೇಕೋ ಅದನ್ನು ಅವರು ಮಾಡಿಕೊಂಡರು. ಸಾಗರದ ಮಕ್ಕಳಿಗೆ ಬೇಕಾದ್ದನ್ನು ನಾನು ಮಾಡಿಕೊಂಡೆ.

ಮೊದಲ ಸುತ್ತಿನ ಹಳೇ ಬಾಕಿಯಲ್ಲಿ ಮೂರರಲ್ಲಿ ಒಂದು ಪಾಲು ದಾಟಿದ್ದರು. ಈಗ ನಾಲ್ಕರಲ್ಲಿ ಮೂರು. ಕ್ಲಾಸಿನಲ್ಲಿ 70ರ ಆಸುಪಾಸು ಮಕ್ಕಳಿದ್ದಾರೆ, ತಿಂಗಳ ಫೀಸು 600ರಿಂದ 700 ಆಗಿದೆ. ಗ್ರೇಡಿಂಗ್ ಆದಾಯ ಹಳೆಯದರ ಅರ್ಧ, ಆದರೆ ಮಕ್ಕಳು ಬಿಟ್ಟು ಹೋಗದ ಕಾರಣ ತಿಂಗಳ ದುಡ್ಡಿನಲ್ಲೇ ಅದು ತುಂಬುತ್ತದೆ. ಹೆಂಡತಿಯ ಸಾಲವೂ ತೀರಿತು.

ನಿಜವಾಗಿ ಯಾರಾದರೂ ಕಿಡಿಗೇಡಿಯಿಂದ ತಪ್ಪಿಸಿಕೊಂಡಿದ್ದಾರಾ ಅಂತ ಕೇಳುತ್ತಾರೆ. ಅಂಥ ಕಥೆ ನನ್ನ ಹತ್ತಿರ ಇಲ್ಲ, ಇಲ್ಲದಿರಲಿ. ಒಬ್ಬಳು ಬಸ್ ಸ್ಟ್ಯಾಂಡ್ ಹತ್ತಿರ ಪಾಚಿ ಮೇಲೆ ಜಾರಿ ಅಂಗಾತ ಬಿದ್ದಳು. ಗದ್ದ ಎದೆಗೆ ಒತ್ತಿಕೊಂಡೇ ಬಿದ್ದಳಂತೆ, ತಲೆಗೆ ಏನೂ ಆಗಲಿಲ್ಲ. ಬೀಳುವ ಪಾಠ ಅವಳಿಗೆ ಹೇಳಿಕೊಟ್ಟದ್ದು ವರ್ಷದ ಹಿಂದೆ. ಆ ವಾರ ಅವಳ ಹಳೇ ಬಾಕಿ ಕೇಳಲಿಲ್ಲ, ಪಟ್ಟಿ ಕೊಟ್ಟುಬಿಟ್ಟೆ.

ಈಗಿನ ತಲೆನೋವು ಬೇರೆ. ಯಾರಿಗೆ ಯಾವ ದಿನ ಅಂತ ಬರೆದಿಡುವ ನನ್ನ ನೋಟ್‌ಬುಕ್ಕನ್ನು ಬ್ರೌನ್ ಬೆಲ್ಟ್ ಹುಡುಗರು ಕದ್ದು ನೋಡಲು ಶುರು ಮಾಡಿದ್ದಾರೆ. ಹೋದ ವಾರದಿಂದ ಅದು ಬೇಕರಿಯವರ ಗಲ್ಲಾಪೆಟ್ಟಿಗೆಯಲ್ಲಿದೆ.