ಹೈಸ್ಕೂಲ್ ಮಕ್ಕಳಿಗೆ ಕೊರೊನಾ ಲಸಿಕೆ: ನನ್ನ ಅನುಭವ

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ಸಿಸ್ಟರ್. 2022ರ ಜನವರಿ 3ರಂದು 15ರಿಂದ 18 ವರ್ಷದವರಿಗೆ ಕೊವ್ಯಾಕ್ಸಿನ್ ಎಂಬ ಕೊರೊನಾ ಲಸಿಕೆ ಶುರುವಾದಾಗ ನನ್ನ ಪಾಲಿಗೆ ಒಂದು ಹೈಸ್ಕೂಲು, ಒಂದು ಪಿಯು ಕಾಲೇಜು ಬಂತು. ಇವರಲ್ಲಿ ಎಷ್ಟೋ ಜನಕ್ಕೆ 2017ರ ಫೆಬ್ರವರಿಯ ದಡಾರ-ರುಬೆಲ್ಲಾ ಅಭಿಯಾನದಲ್ಲಿ ನಾನೇ ಚುಚ್ಚಿದ್ದೆ. ಆಗ ಜೋರಾಗಿ ಅಳುತ್ತಿದ್ದರು. ಈ ವಯಸ್ಸಿಗೆ ಬಂದ ಮೇಲೆ ಅಳುವುದಿಲ್ಲ, ಹೆದರಿಕೆಯನ್ನು ಒಳಗೇ ಇಟ್ಟುಕೊಂಡು ತಲೆ ಸುತ್ತಿ ಬೀಳುತ್ತಾರೆ.

ಸೂಜಿಗೆ ಹೆದರಿದಾಗ ಕೆಲವರಿಗೆ ನಾಡಿ ನಿಧಾನವಾಗುತ್ತದೆ, ಬಿಪಿ ಇಳಿಯುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಖಾಲಿ ಹೊಟ್ಟೆ, ಬಿಸಿಲಲ್ಲಿ ಸಾಲು ನಿಂತಿದ್ದು ಸೇರಿದರೆ ಕೇಳುವುದೇ ಬೇಡ. ಒಬ್ಬಳು ಬಿದ್ದದ್ದನ್ನು ಕಂಡರೆ ಹಿಂದೆ ಇರುವವರಿಗೂ ಶುರುವಾಗುತ್ತದೆ. ಸಂಜೆಯೊಳಗೆ ಊರಲ್ಲಿ ಸುದ್ದಿ: ಲಸಿಕೆ ಹಾಕಿಸಿಕೊಂಡು ಮಕ್ಕಳು ಬಿದ್ದರಂತೆ!

ಅದಕ್ಕೇ ನಾನು ಮೊದಲು ಕೋಣೆ ನೋಡುತ್ತಿದ್ದೆ. ಎರಡು ಬಾಗಿಲಿರುವ ಕೋಣೆಯೇ ಬೇಕು ಅಂತ ಹೆಡ್ ಮಾಸ್ತರರಲ್ಲಿ ಕೇಳುತ್ತಿದ್ದೆ. ಒಂದರಲ್ಲಿ ಬರುವುದು, ಇನ್ನೊಂದರಲ್ಲಿ ಹೋಗುವುದು. ಸಾಲು ನಿಲ್ಲಿಸುತ್ತಿರಲಿಲ್ಲ. ಪಕ್ಕದ ತರಗತಿಯಲ್ಲಿ ಬೆಂಚಿನ ಮೇಲೆ ಕೂತಿರುತ್ತಿದ್ದರು, ಆಶಾ ಕಾರ್ಯಕರ್ತೆ ಐದೈದು ಜನರನ್ನು ಕರೆತರುತ್ತಿದ್ದಳು. ಕುರ್ಚಿ ಗೋಡೆಯ ಕಡೆಗೆ, ನಡುವೆ ಒಂದು ಪರದೆ. ಹೆಣ್ಣುಮಕ್ಕಳಿಗೆ ಬಿಗಿ ತೋಳಿನ ಚೂಡಿದಾರ ಬೇಡ ಅಂತ ಹಿಂದಿನ ದಿನವೇ ಹೇಳಿ ಕಳಿಸುತ್ತಿದ್ದೆವು. ಹೈಸ್ಕೂಲಿನಲ್ಲಿ ಬಿಸಿಯೂಟ ಮುಗಿದ ಮೇಲೇ ಶುರು. ಪಿಯು ಮಕ್ಕಳಿಗೆ ಬಿಸಿಯೂಟ ಇಲ್ಲ, ಹಾಗಾಗಿ 'ಬೆಳಿಗ್ಗೆ ಏನು ತಿಂದೆ?' ಅಂತ ಒಬ್ಬೊಬ್ಬರನ್ನೂ ಕೇಳುತ್ತಿದ್ದೆ. ಏನೂ ತಿಂದಿಲ್ಲ ಅಂದರೆ ಬಿಸ್ಕತ್ತು, ನೀರು ಕೊಟ್ಟು ಕೂರಿಸುತ್ತಿದ್ದೆ. ಮೊದಲು ಯಾವತ್ತಾದರೂ ಸೂಜಿಗೆ ತಲೆ ಸುತ್ತಿದೆ ಅಂದವರಿಗೆ ಬೆಂಚಿನ ಮೇಲೆ ಮಲಗಿಸಿಯೇ ಹಾಕುತ್ತಿದ್ದೆ. ಇಷ್ಟಕ್ಕೇ ಬೀಳುವವರು ಬಹಳ ಕಡಿಮೆಯಾದರು.

ಆದರೂ ಯಾರಾದರೂ ಬಿದ್ದರೆ ಮಲಗಿಸಿ ಕಾಲು ಎತ್ತಿ, ನಾಡಿ ಹಿಡಿಯಬೇಕು. ಹೆದರಿಕೆಯಿಂದಾದರೆ ಮುಖ ಬಿಳಿಚಿರುತ್ತದೆ, ನಾಡಿ ನಿಧಾನ, ಮಲಗಿಸಿದ ಸ್ವಲ್ಪ ಹೊತ್ತಿಗೆ ಎಚ್ಚರ. ಮೈಮೇಲೆ ದದ್ದು, ತುಟಿ ಊತ, ಉಸಿರಾಟಕ್ಕೆ ಕಷ್ಟ, ನಾಡಿ ಜೋರು ಅಂದರೆ ಅದು ಅಲರ್ಜಿ. ಅದಕ್ಕೆ ಕಿಟ್‌ನಲ್ಲಿ ಅಡ್ರಿನಾಲಿನ್ (ಜೋರು ಅಲರ್ಜಿಗೆ ಕೊಡುವ ಇಂಜೆಕ್ಷನ್) ಇರಬೇಕು, ಕೈಗೆ ಸಿಗುವಂತೆ ಇರಬೇಕು. ಲಸಿಕೆ ಹಾಕಿದ ಮೇಲೆ 30 ನಿಮಿಷ ಕೂರಿಸುತ್ತಿದ್ದದ್ದು ಸುಮ್ನೆ ಅಲ್ಲ.

ಜ್ವರದ ಮಾತ್ರೆ ಯಾಕೆ ಕೊಡಲಿಲ್ಲ ಅಂತ ತುಂಬಾ ಅಪ್ಪ-ಅಮ್ಮಂದಿರು ಕೇಳಿದರು. ಕೊವ್ಯಾಕ್ಸಿನ್ ಹಾಕಿಸಿಕೊಂಡ ಮೇಲೆ ಪ್ಯಾರಾಸಿಟಮಾಲ್ ಬೇಕಿಲ್ಲ ಅಂತ ಅದನ್ನು ತಯಾರಿಸುವ ಭಾರತ್ ಬಯೋಟೆಕ್ ಆ ಜನವರಿಯಲ್ಲೇ ಹೇಳಿತ್ತು. ತೋಳು ನೋವು ಒಂದೆರಡು ದಿನ ಇರುತ್ತದೆ, ಜ್ವರ ಬಂದರೆ ಫೋನ್ ಮಾಡಿ ಅನ್ನುತ್ತಿದ್ದೆ. 'ಮಕ್ಕಳಿಗೆ ಕೊರೊನಾ ಜೋರಾಗಿ ಬರಲ್ಲ, ಅಲ್ವಾ?' ಅಂದವರಿಗೆ ಹೌದು ಅಂತಲೇ ಹೇಳುತ್ತಿದ್ದೆ. ಆದರೆ ಉಬ್ಬಸ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವ ಮಗುವಿಗೆ ಆ ಮಾತು ನಂಬಿ ಕೂರಲಾಗದು. ನಿಜವನ್ನು ಪೂರ್ತಿ ಹೇಳಿದರೆ ಜನ ಕೇಳುತ್ತಾರೆ.

ಮಾರ್ಚ್ 16ಕ್ಕೆ 12ರಿಂದ 14 ವರ್ಷದವರಿಗೆ ಕಾರ್ಬೆವ್ಯಾಕ್ಸ್ ಬಂತು. ಹೈದರಾಬಾದಿನ ಬಯಾಲಾಜಿಕಲ್ ಇ ತಯಾರಿಸಿದ್ದು. ಒಂದು ವಯಲ್‌ನಲ್ಲಿ (ಲಸಿಕೆಯ ಸಣ್ಣ ಬಾಟಲಿ) 20 ಡೋಸ್, ತೆರೆದ ಮೇಲೆ ಉಳಿದರೆ ಹಾಳು. ಹಾಗಾಗಿ ಮಕ್ಕಳು ಸೇರುವ ತನಕ ತೆರೆಯುತ್ತಿರಲಿಲ್ಲ. ಹುಟ್ಟಿದ ವರ್ಷ ನೋಡಿದರೆ ಸಾಲದು, ಆ ದಿನಕ್ಕೆ 12 ತುಂಬಿರಬೇಕು. ಶಾಲೆಯ ದಾಖಲಾತಿ ಪುಸ್ತಕ ಪಕ್ಕದಲ್ಲೇ ಇಟ್ಟುಕೊಂಡೆ. ಕೊವ್ಯಾಕ್ಸಿನ್ ದಿನವೇ ಬೇರೆ, ಕಾರ್ಬೆವ್ಯಾಕ್ಸ್ ದಿನವೇ ಬೇರೆ ಮಾಡಿದೆ. ಎರಡೂ ವಯಲ್ ಒಂದೇ ಮೇಜಿನ ಮೇಲೆ ಬರಲೇಬಾರದು.

ಕಷ್ಟವಾದದ್ದು ಕಾರ್ಬೆವ್ಯಾಕ್ಸ್‌ನ ಎರಡನೇ ಡೋಸ್. 28 ದಿನ ಎಣಿಸಿದರೆ ಏಪ್ರಿಲ್ ಮಧ್ಯ, ಬೇಸಿಗೆ ರಜೆ. ಮಕ್ಕಳೆಲ್ಲ ಅಜ್ಜಿ ಮನೆಗೆ! ಮೊದಲ ಡೋಸ್ ದಿನವೇ ರಜೆಗೆ ಯಾವ ಊರಿಗೆ ಹೋಗುತ್ತೀಯ ಅಂತ ಕೇಳಿ ಹೆಸರಿನ ಮುಂದೆ ಬರೆದುಕೊಂಡೆ. ಚೀಟಿಯಲ್ಲಿ ಲಸಿಕೆಯ ಹೆಸರು, ಎರಡನೇ ಡೋಸಿನ ತಾರೀಖು, ಕೋವಿನ್‌ಗೆ (ಲಸಿಕೆ ನೋಂದಣಿಯ ಸರ್ಕಾರಿ ಜಾಲತಾಣ) ಕೊಟ್ಟ ಫೋನ್ ನಂಬರ್ ಬರೆದುಕೊಟ್ಟೆ. ಅದನ್ನು ತೋರಿಸಿದರೆ ಅಲ್ಲಿನ ಆಸ್ಪತ್ರೆಯಲ್ಲೇ ಹಾಕಿಸಿಕೊಳ್ಳಬಹುದಿತ್ತು. ಹತ್ತಿರದ ಊರುಗಳ ಆಶಾಗಳಿಗೆ ನಮ್ಮ ಆಶಾ ಫೋನ್ ಮಾಡಿ ಹೆಸರು ಓದಿ ಹೇಳಿದಳು. ಉಳಿದವರನ್ನು ಶಾಲೆ ಮತ್ತೆ ತೆರೆದಾಗ ಮೊದಲ ವಾರದಲ್ಲೇ ಹಿಡಿದು ಕೂರಿಸಿದೆವು.