ತಲೆನೋವಿಗೆ ರಜೆ ಕೇಳಲು ಹೋಗಿ

ಸ್ಪ್ಯಾನಿಷ್ ಕ್ಲಾಸಿಗೆ ಸೇರಿ ಎರಡು ತಿಂಗಳಾಗಿತ್ತು. ಒಂದು ಸಂಜೆ ತಲೆ ಸಿಡಿಯುತ್ತಿತ್ತು. ಬೇಗ ಹೊರಡೋಣ ಅಂತ ಮೇಡಂ ಹತ್ತಿರ ಹೋಗಿ ‘ಯೋ ದ್ವೇಲೋ’ ಅಂದೆ. ‘ಕೊಮೇರ್’ ಅಂದರೆ ತಿನ್ನು, ‘ಯೋ ಕೊಮೋ’ ಅಂದರೆ ತಿಂತೀನಿ. ಹಾಗೇ ನೋಯುವ ‘ದೊಲೇರ್’ನಿಂದ ‘ಯೋ ದ್ವೇಲೋ’ ಬರಬೇಕಲ್ವಾ? ಮೇಡಂ ನಕ್ಕುಬಿಟ್ಟರು. ‘ದ್ವೇಲೋ’ ಅಂದರೆ ಸಾವಿನ ಮನೆಯ ದುಃಖವಂತೆ.

ಹೇಳಬೇಕಾಗಿದ್ದದ್ದು ‘ಮೆ ದ್ವೇಲೆ ಲಾ ಕಬೇಸಾ’. ಪದಕ್ಕೆ ಪದ ಇಟ್ಟರೆ ‘ನನಗೆ ನೋಯುತ್ತೆ ತಲೆ’. ಅರೆ, ಇದು ನಮ್ಮನೆ ಮಾತೇ! ಸುಮ್ನೆ ಮಧ್ಯೆ ಇಂಗ್ಲಿಷನ್ನು ಕೂರಿಸಿಕೊಂಡು ಒದ್ದಾಡಿದ್ದೆ. ಅವತ್ತಿನಿಂದ ನೋಟ್‌ಬುಕ್ಕಿನಲ್ಲಿ ಅರ್ಥವನ್ನೆಲ್ಲ ಕನ್ನಡದಲ್ಲೇ ಬರೆಯತೊಡಗಿದೆ. ‘ದೊಲೇರ್ಸೆ’ ಬಂದಾಗಂತೂ ಖುಷಿಯೋ ಖುಷಿ. ಬಾಲಕ್ಕೆ ‘ಸೆ’ ಸೇರಿದರೆ ‘ನೊಂದುಕೊಳ್ಳು’. ಮಾಡಿದ ತಪ್ಪಿಗೆ ಮರುಗುವುದಕ್ಕೂ ಅದೇ ಮಾತು. ನಮ್ಮ ‘ಕೊಳ್ಳು’ ಮಾಡುವ ಕೆಲಸವನ್ನು ಅಲ್ಲಿ ‘ಸೆ’ ಮಾಡುತ್ತೆ.

ಆಮೇಲೆ ಚಟ ಹತ್ತಿತು. ‘ದೊಲೇರ್’ ಹುಟ್ಟಿದ್ದು ಲ್ಯಾಟಿನ್ನಿನ ‘ದೊಲೇರೆ’ಯಿಂದ. ಬೇರೆ ಬೇರೆ ಭಾಷೆಗಳಲ್ಲಿರುವ ಅದರ ಮಕ್ಕಳನ್ನೆಲ್ಲ ಒಂದೇ ಪುಟಕ್ಕೆ ತಂದೆ. ಪೋರ್ಚುಗೀಸರು ನಡುವಿನ ‘ಲ’ ನುಂಗಿ ‘ದೋಯ್’ ಅಂತಾರೆ. ರೊಮೇನಿಯನ್ನರು ಅದನ್ನು ‘ರ’ ಮಾಡಿ ‘ಮ ದ್ವಾರೆ ಕಾಪುಲ್’ ಅಂತಾರೆ. ಆ ‘ಮ’ ಮಾತ್ರ ‘ನನಗೆ’ ಅಲ್ಲ, ‘ನನ್ನನ್ನು’. ಅಲ್ಲಿ ನನ್ನ ಕನ್ನಡದ ಉಪಾಯ ಕೈಕೊಟ್ಟಿತು. ಫ್ರೆಂಚಿನಲ್ಲಿ ಈ ಕ್ರಿಯಾಪದ ಬಳಕೆಯಿಂದಲೇ ಹೋಗಿದೆ, ಅದರ ನೆಂಟರು ಉಳಿದಿದ್ದಾರೆ. 1789ರಲ್ಲಿ ಊರೂರಿನ ಜನ ರಾಜನಿಗೆ ಅಹವಾಲು ಬರೆದ ಪುಸ್ತಕಗಳಿವೆಯಲ್ಲ, ಅವುಗಳ ಹೆಸರಲ್ಲಿರುವ ‘ದೊಲೆಯಾನ್ಸ್’ ಇದೇ ಬೇರಿನದು.

ಇಷ್ಟಾದ ಮೇಲೆ ಧೈರ್ಯ ಜಾಸ್ತಿಯಾಯಿತು. ಇಟಲಿಯ ಗೆಳತಿಗೆ ಒಂದು ದಿನ ‘ಮಿ ದ್ವೋಲೆ ಲಾ ತೆಸ್ತಾ’ ಅಂತ ಮೆಸೇಜ್ ಹಾಕಿದೆ. ವ್ಯಾಕರಣ ಸರಿಯಾಗೇ ಇತ್ತು. ಆದರೆ ಅಲ್ಲಿ ದಿನಬಳಕೆಗೆ ‘ಮಿ ಫಾ ಮಾಲೆ’ ಸಾಕು. ‘ಮಿ ದ್ವೋಲೆ’ ಅಂದರೆ ‘ತಿಳಿಸಲು ವಿಷಾದಿಸುತ್ತೇನೆ’ ಅನ್ನುವ ಪತ್ರದ ಧಾಟಿ. ಅವಳಿಂದ ತಕ್ಷಣ ಉತ್ತರ ಬಂತು: ‘ಮಾನ್ಯರೇ, ತಮ್ಮ ತಲೆಯ ವಿಚಾರ ತಿಳಿದು ವಿಷಾದವಾಯಿತು. ಮಾತ್ರೆ ನುಂಗಿ ಮಲಗತಕ್ಕದ್ದು.’